ವ್ರತದ ಅಡುಗೆ, ಪಥ್ಯದ ತಟ್ಟೆ

ರಾತ್ರಿ ನೆನೆಹಾಕಿದ್ದ ಬಾದಾಮಿಯ ಸಿಪ್ಪೆ ಸುಲಿಯುತ್ತಾ ಕೂತಿದ್ದಾಗ ಉಡುಪಿಯಿಂದ ಅಮ್ಮನ ಫೋನು ಬಂತು. ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಒಂಬತ್ತೂವರೆ. ಅಲ್ಲಿ ಸಂಜೆಯ ದೀಪ ಹಚ್ಚಿ ಆಗಿತ್ತು.

"ಎಂತ ಮಾಡ್ತಾ ಇದ್ದೀ?"

"ಚೀಸ್‌ಕೇಕ್ ಅಮ್ಮಾ. ಇವರಿಗೆ ನಾಳೆ ಎಪ್ಪತ್ತು ತುಂಬ್ತದಲ್ಲ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈಗ ಕ್ಷೀರವ್ರತ ಅಲ್ವಾ ಮಗಾ?" ಎಂದರು.

ಹೌದು, ಕ್ಷೀರವ್ರತವೇ. ಚಾತುರ್ಮಾಸ್ಯದ ಮೂರನೆಯ ತಿಂಗಳು. ನಮ್ಮ ಮಾಧ್ವ ಮನೆಗಳಲ್ಲಿ ಆಷಾಢದಿಂದ ಕಾರ್ತಿಕದವರೆಗಿನ ನಾಲ್ಕು ತಿಂಗಳಿಗೆ ನಾಲ್ಕು ಬಿಡುವಿಕೆ: ಮೊದಲು ತರಕಾರಿ, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ದ್ವಿದಳ ಧಾನ್ಯ. ಹಾಲು ಬಿಡುವ ತಿಂಗಳು ಭಾದ್ರಪದ ಶುಕ್ಲದಿಂದ ಆಶ್ವಯುಜ ಶುಕ್ಲದವರೆಗೆ. ನವರಾತ್ರಿ ಪೂರ್ತಿ ಇದರ ಹೊಟ್ಟೆಯೊಳಗೇ ಬರುತ್ತದೆ. ಅಂದರೆ ವರ್ಷದ ದೊಡ್ಡ ಹಬ್ಬವೊಂದನ್ನು ಹಾಲಿಲ್ಲದೆ ಮಾಡಬೇಕು. ನಾನು ಎಲ್ಲ ವ್ರತ ಹಿಡಿದವಳಲ್ಲ. ಅಜ್ಜಿ ಹೋದ ವರ್ಷದಿಂದ ಈ ಒಂದು ತಿಂಗಳನ್ನು ಮಾತ್ರ ಇಲ್ಲಿಯೂ ನಡೆಸಿಕೊಂಡು ಬಂದಿದ್ದೇನೆ.

"ಹಾಲು ಹಾಕುವುದಿಲ್ಲಮ್ಮ. ಬಾದಾಮಿಯ ಹಾಲು ಒಡೆಸಿ ಕಟ್ಟುವುದು. ಮತ್ತೆ ಕಾಯಿಹಾಲು."

"ಹಾಗಾದ್ರೆ ಅದು ಚೀಸ್ ಹೇಗೆ ಆಗ್ತದೆ?"

ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳುವುದು ಕಷ್ಟ. ಯಾಕೆಂದರೆ ಹಾಲಿಲ್ಲದ ಚೀಸಿಗೆ ಆರುನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದೆ. ಅದನ್ನು ಮೊದಲು ಮಾಡಿದವರೂ ನನ್ನ ಅಜ್ಜಿಯ ಹಾಗೆ ವ್ರತ ಹಿಡಿದವರೇ.

ಅಜ್ಜಿಯ ಅಡುಗೆಮನೆಯಲ್ಲಿ ಆ ತಿಂಗಳು ಹೆರೆಮಣೆಗೆ ಬಿಡುವಿರುತ್ತಿರಲಿಲ್ಲ. ದಿನಕ್ಕೆ ಮೂರು ಕಾಯಿ. ಹೆರೆದ ಕಾಯಿಯನ್ನು ಕಡೆಯುವ ಕಲ್ಲಿನಲ್ಲಿ ನುಣ್ಣಗೆ ತಿರುವಿ, ಹಳೆಯ ಮಲ್‌ ಪಂಚೆಯ ತುಂಡಿನಲ್ಲಿ ಹಿಂಡಿದರೆ ಮೊದಲು ದಪ್ಪ ಹಾಲು, ನೀರು ಹಾಕಿ ಮತ್ತೆ ಹಿಂಡಿದರೆ ತೆಳು ಹಾಲು. ತೆಳು ಹಾಲಲ್ಲಿ ಬೇಳೆ, ಬೆಲ್ಲ ಕುದಿಸುವುದು. ದಪ್ಪ ಹಾಲು ಒಲೆಯಿಂದ ಇಳಿಸುವ ಹೊತ್ತಿಗೆ. ಬೆಂಕಿಯ ಮೇಲೆ ಹೆಚ್ಚು ಹೊತ್ತು ಬಿಟ್ಟರೆ ಅದು ಒಡೆದು ಎಣ್ಣೆ ಬಿಡುತ್ತದೆ ಎಂದು ಅಜ್ಜಿ ಒಲೆ ಬಿಟ್ಟು ಕದಲುತ್ತಿರಲಿಲ್ಲ. ಆ ಪಾಯಸ ತಿಂದವರಿಗೆ ಹಾಲಿನ ನೆನಪೇ ಬರುತ್ತಿರಲಿಲ್ಲ. ವ್ರತ ಮುಗಿದ ದಿನ ಹಸುವಿನ ಹಾಲು ಹಾಕಿದ ಪಾಯಸ ನಮಗೆ ಸಪ್ಪೆ ಅನ್ನಿಸುತ್ತಿತ್ತು.

ಅದೇ ಮನೆಯಲ್ಲಿ ಅಜ್ಜ ಇದ್ದರು. 1968ರ ಸುಮಾರಿಗೆ ಅವರಿಗೆ ಸಕ್ಕರೆ ಕಾಯಿಲೆ ಗೊತ್ತಾಯಿತು. ಅನ್ನ ಬಿಡಿ, ಸಿಹಿ ಬಿಡಿ ಎಂದರು ಡಾಕ್ಟರು. ಅಜ್ಜ ಗೋಧಿಗೆ ಬಂದರು. ಗೋಧಿಯಲ್ಲೂ ಪಿಷ್ಟ ಹೆಚ್ಚುಕಡಿಮೆ ಅಕ್ಕಿಯಷ್ಟೇ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಬ್ಬದ ದಿನ ಅವರು ಎಲೆಯ ಸಾಲಿನಲ್ಲಿ ಕೂರುತ್ತಿರಲಿಲ್ಲ. ಪಾಯಸದ ಸೌಟು ತಮ್ಮ ಎಲೆಯ ಮುಂದೆ ಬಂದು ನಿಂತು ಮುಂದೆ ಹೋಗುವುದನ್ನು ನೋಡಲಾರದೆ, ನಡುಕೋಣೆಯಲ್ಲಿ ಮೊದಲೇ ಎರಡು ಚಪಾತಿ ತಿಂದು ಜಗಲಿಗೆ ಹೋಗಿಬಿಡುತ್ತಿದ್ದರು. 1974ರಲ್ಲಿ ತೀರಿಕೊಳ್ಳುವವರೆಗೂ ಹೀಗೆಯೇ. ಹಾಲು ಬೇಡವೆಂದರೆ ಹಾಲಿಲ್ಲದೆ, ತರಕಾರಿ ಬೇಡವೆಂದರೆ ತರಕಾರಿಯಿಲ್ಲದೆ, ಬೇಳೆ ಬೇಡವೆಂದರೆ ಬೇಳೆಯಿಲ್ಲದೆ ಹಬ್ಬದಡುಗೆ ಎಬ್ಬಿಸುತ್ತಿದ್ದ ಅಜ್ಜಿಗೆ, ಬೆಲ್ಲವಿಲ್ಲದ ಒಂದು ಸಿಹಿಯನ್ನು ಅಜ್ಜನಿಗೆ ಮಾಡಬಹುದು ಎಂದು ಹೊಳೆಯಲೇ ಇಲ್ಲ. ಅದು ಅವರ ತಪ್ಪಲ್ಲ. ವ್ರತಕ್ಕೆ ಇದ್ದ ಮರ್ಯಾದೆ ಪಥ್ಯಕ್ಕೆ ಇರಲಿಲ್ಲ. ವ್ರತದವರಿಗಾಗಿ ಅಡುಗೆಮನೆ ತನ್ನ ಕ್ರಮವನ್ನೇ ಬದಲಿಸಿಕೊಳ್ಳುತ್ತಿತ್ತು; ಪಥ್ಯದವರು ಒಬ್ಬರೇ ಬದಿಗೆ ಸರಿಯಬೇಕಿತ್ತು.

ನನ್ನ ಯಜಮಾನರಿಗೆ ಈಗ ಹದಿನೈದು ವರ್ಷದಿಂದ ಶುಗರ್. ನಾಲ್ಕೈದು ವರ್ಷದಿಂದ ಹಾಲೂ ಹಿಡಿಸುವುದಿಲ್ಲ, ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಲೋಕದ ದೊಡ್ಡವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಹಾಲಿನ ಲ್ಯಾಕ್ಟೋಸ್ ಸರಿಯಾಗಿ ಅರಗುವುದಿಲ್ಲ, ಹಾಗಾಗಿ ಅದರಲ್ಲಿ ವಿಶೇಷವೇನಿಲ್ಲ. ಆದರೆ ಅವರಿಗೆ ಚೀಸ್‌ಕೇಕ್ ಎಂದರೆ ಪ್ರಾಣ. 1988ರಲ್ಲಿ ನಾವು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಬ್ರೂಕ್ಲಿನ್‌ನ ಫ್ಲ್ಯಾಟ್‌ಬುಷ್ ಅವೆನ್ಯೂದ 'ಜೂನಿಯರ್ಸ್' ಹೋಟೆಲಿಗೆ ಕರೆದುಕೊಂಡು ಹೋಗಿ ಒಂದು ತುಂಡನ್ನು ಇಬ್ಬರೂ ಹಂಚಿಕೊಂಡು ತಿಂದದ್ದನ್ನು ಈಗಲೂ ಹೇಳುತ್ತಾರೆ. ಅಂಥ ಒಂದು ತುಂಡಿನಲ್ಲಿ ಸಕ್ಕರೆ, ಪಿಷ್ಟ ಸೇರಿ ಮೂವತ್ತು ಗ್ರಾಂ ಸುಲಭವಾಗಿ ದಾಟುತ್ತದೆ. ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಎಂತ ಬೇಕು ಎಂದು ಕೇಳಿದಾಗ, "ಏನೂ ಬೇಡ, ನೀವೆಲ್ಲ ತಿನ್ನಿ, ನಾನು ನೋಡ್ತೇನೆ" ಎಂದರು. ನನಗೆ ಜಗಲಿಯಲ್ಲಿ ಕೂತ ಅಜ್ಜ ಕಂಡರು.

ಚೀಸ್‌ಕೇಕಿನ ಹಳೆಯ ಕತೆಯನ್ನು ನಾನು ಬೇಗ ದಾಟುತ್ತೇನೆ, ಅದು ಎಲ್ಲರೂ ಹೇಳುವಂಥದ್ದು. ರೋಮಿನ ಕ್ಯಾಟೋ ಕ್ರಿಸ್ತಪೂರ್ವ 160ರ ಸುಮಾರಿಗೆ ಬರೆದ ಬೇಸಾಯದ ಪುಸ್ತಕದಲ್ಲಿ 'ಸವಿಲ್ಲಂ' ಎಂಬ ತಿಂಡಿ ಇದೆ: ಎರಡೂವರೆ ಪೌಂಡ್ ಚೀಸ್, ಅರ್ಧ ಪೌಂಡ್ ಹಿಟ್ಟು, ಕಾಲು ಪೌಂಡ್ ಜೇನು, ಒಂದು ಮೊಟ್ಟೆ, ಮಣ್ಣಿನ ಪಾತ್ರೆಯಲ್ಲಿ ಮುಚ್ಚಿ ಬೇಯಿಸಿ ಮೇಲೆ ಜೇನು, ಗಸಗಸೆ. ನ್ಯೂಯಾರ್ಕಿನ ಚೀಸ್‌ಕೇಕಿಗೆ ಬೇಕಾದ ಕ್ರೀಮ್ ಚೀಸ್ ಬಂದದ್ದು ಬಹಳ ತಡವಾಗಿ. 1872ರಲ್ಲಿ ನ್ಯೂಯಾರ್ಕ್ ರಾಜ್ಯದ ಚೆಸ್ಟರ್ ಊರಿನ ವಿಲಿಯಂ ಲಾರೆನ್ಸ್, ಫ್ರಾನ್ಸಿನ ನೋಶಾಟೆಲ್ ಚೀಸಿನ ಹದಕ್ಕೆ ಕೆನೆ ಸೇರಿಸಿ ಅದನ್ನು ಮಾಡಿದ. 1880ರಲ್ಲಿ ಅದಕ್ಕೆ ಫಿಲಡೆಲ್ಫಿಯಾ ಎಂಬ ಹೆಸರು ಬಿತ್ತು. ಒಳ್ಳೆಯ ಹಾಲಿಗೆ ಆ ಊರಿನ ಹೆಸರಿತ್ತು, ಅಷ್ಟೇ, ಚೀಸ್ ಅಲ್ಲಿಯದಲ್ಲ. ಈ ದಾರಿಯ ತುಂಬ ಹಾಲು ಇದ್ದವರದೇ ಸಾಲು. ನನಗೆ ಬೇಕಾದವರು ಹಾಲು ಬಿಟ್ಟವರು.

ಅವರು ಸಿಕ್ಕಿದ್ದು ಮಧ್ಯಯುಗದ ಯುರೋಪಿನಲ್ಲಿ. ಈಸ್ಟರಿಗೆ ಮುಂಚಿನ ನಲವತ್ತು ದಿನದ ಲೆಂಟ್ ಉಪವಾಸದಲ್ಲಿ ಮಾಂಸ ಮಾತ್ರವಲ್ಲ, ಹಾಲು, ಬೆಣ್ಣೆ, ಚೀಸ್, ಮೊಟ್ಟೆ ಎಲ್ಲವೂ ನಿಷಿದ್ಧ. ಅದು ಆಗಿನ ಅಡುಗೆಯನ್ನು ಎಷ್ಟು ಕಟ್ಟಿಹಾಕಿತ್ತು ಎಂಬುದಕ್ಕೆ ಫ್ರಾನ್ಸಿನ ರೂಆನ್ ಊರಿನ ಮಹಾ ಇಗರ್ಜಿಯಲ್ಲಿ ಇನ್ನೂ ಸಾಕ್ಷಿ ನಿಂತಿದೆ. ಅದರ ಒಂದು ಗೋಪುರದ ಹೆಸರೇ ಬೆಣ್ಣೆ ಗೋಪುರ. ಲೆಂಟ್‌ನಲ್ಲಿ ಬೆಣ್ಣೆ ತಿನ್ನಲು ಅನುಮತಿ ಬೇಡಿದವರು ಕೊಟ್ಟ ದುಡ್ಡು 15ನೇ ಶತಮಾನದ ಕೊನೆಯಲ್ಲಿ ಶುರುವಾದ ಅದರ ಕೆಲಸಕ್ಕೆ ಹೋಯಿತು. ಜರ್ಮನಿಯ ಸ್ಯಾಕ್ಸನಿಯವರು ಎಣ್ಣೆಯಲ್ಲಿ ಮಾಡಿದ ಹಬ್ಬದ ರೊಟ್ಟಿ ರುಚಿಸದೆ ರೋಮಿಗೆ ಮೊರೆಯಿಟ್ಟು, 1491ರಲ್ಲಿ ಪೋಪ್ ಎಂಟನೆಯ ಇನ್ನೊಸೆಂಟ್‌ನಿಂದ ಬೆಣ್ಣೆ ಬಳಸುವ ಅಪ್ಪಣೆಪತ್ರವನ್ನೇ ತರಿಸಿಕೊಂಡರು.

ಅಪ್ಪಣೆ ಇಲ್ಲದವರು ಬಾದಾಮಿ ಅರೆದರು. ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡನ ಬಾಣಸಿಗರು 1390ರ ಸುಮಾರಿಗೆ ಬರೆಸಿದ 'ಫಾರ್ಮ್ ಆಫ್ ಕ್ಯೂರಿ'ಯಲ್ಲಿ ಹಾಲಿನ ಗಿಣ್ಣದಿಂದ ಮಾಡಿದ ಹೂವಿನ ಪರಿಮಳದ ಕೇಕೂ ಇದೆ, ಮತ್ತೆ ಮತ್ತೆ ಬಾದಾಮಿ ಹಾಲೂ ಇದೆ. ಒಂದೇ ಅಡುಗೆಮನೆ ವ್ರತದ ದಿನಕ್ಕೂ ಉಳಿದ ದಿನಕ್ಕೂ ತಯಾರಾಗಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು 15ನೇ ಶತಮಾನದ ಇನ್ನೊಂದು ಇಂಗ್ಲಿಷ್ ಕೈಬರಹದ ಪಾಕ. ಬಾದಾಮಿ ಹಾಲನ್ನು ಉಪ್ಪು ಹಾಕಿ ಕುದಿಸು, ವಿನೆಗರ್ ಬಿಡು, ಬಟ್ಟೆಗೆ ಸುರಿದು ನೀರು ಇಳಿಸು, ತೂಗುಹಾಕು, ಗಟ್ಟಿಯಾದ ಮೇಲೆ ಸಕ್ಕರೆ ಬೆರೆಸು ಎಂಬುದು ಅದರ ಸಾರ. ಓದುತ್ತಿದ್ದಂತೆ ಕೈ ಗುರುತು ಹಿಡಿಯಿತು. ನಿಂಬೆ ಹಿಂಡಿ ಹಾಲು ಒಡೆಸಿ ಪನೀರ್ ಕಟ್ಟುವ ಕೆಲಸವೇ ಅದು, ಹಾಲು ಮಾತ್ರ ಬೀಜದ್ದು. ಮೆಡಿಟರೇನಿಯನ್ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದ ಬಾದಾಮಿ ದೊರೆಯ ಮನೆಗೆ, ಮಠಗಳಿಗೆ ಎಟಕುತ್ತಿತ್ತು. ಬಡವರ ಲೆಂಟ್ ಒಣಮೀನಿನಲ್ಲಿ ಕಳೆಯುತ್ತಿತ್ತು ಎಂಬುದನ್ನೂ ಮರೆಯಬಾರದು. ನಮ್ಮ ಕರಾವಳಿಯಲ್ಲಿ ಹಿತ್ತಿಲಿನ ತೆಂಗು ಯಾರ ವ್ರತವನ್ನೂ ಅಷ್ಟು ದುಬಾರಿ ಮಾಡಲಿಲ್ಲ.

ಹೀಗೆ ವ್ರತದ ಬಾದಾಮಿ ಪಥ್ಯಕ್ಕೆ ಬರಲು ಇನ್ನೂ ನಾಲ್ಕು ನೂರು ವರ್ಷ ಹಿಡಿಯಿತು. 1860ರ ದಶಕದಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಡಾಕ್ಟರ್ ಫ್ರೆಡರಿಕ್ ಪೇವಿ ತನ್ನ ಸಕ್ಕರೆ ಕಾಯಿಲೆಯ ರೋಗಿಗಳಿಗೆ ಬ್ರೆಡ್ಡಿನ ಬದಲು ಬಾದಾಮಿ ಹಿಟ್ಟಿನ ಬಿಸ್ಕತ್ತು ಕೊಡಬಹುದೆಂದು ತೋರಿಸಿದ. ಬಾದಾಮಿಯಲ್ಲಿ ಎಣ್ಣೆ, ಪ್ರೋಟೀನು ಹೆಚ್ಚು, ಪಿಷ್ಟ ತೀರ ಕಡಿಮೆ. ಇರುವ ಚೂರು ಸಕ್ಕರೆಯೂ ಬೇಡವೆಂದು ಅಂದಿನವರು ಅರೆದ ಬಾದಾಮಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ವಿನೆಗರ್ ಬೆರೆಸಿದ ಕುದಿನೀರಿನಲ್ಲಿ ಕಾಲು ಗಂಟೆ ಮುಳುಗಿಸಿಡುತ್ತಿದ್ದರು. ಇಂದು ಅಮೆರಿಕದ ಯಾವ ಅಂಗಡಿಯಲ್ಲೂ ಸಿಗುವ ಬಾದಾಮಿ ಹಿಟ್ಟಿನ ಪೊಟ್ಟಣ ನೋಡಿದಾಗಲೆಲ್ಲ ನನಗೆ ಆ ಚೀಲ ನೆನಪಾಗುತ್ತದೆ. ಅದೇ ಲಂಡನ್ನಿನಲ್ಲಿ 1863ರಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬ ಶವಸಂಸ್ಕಾರದ ಕೆಲಸದವನು ತಾನು ಮೈ ಇಳಿಸಿದ ಬಗೆಯನ್ನು ಕಿರುಹೊತ್ತಗೆ ಮಾಡಿ ಹಂಚಿದ. ಅವನು ಬಿಟ್ಟ ಪಟ್ಟಿಯಲ್ಲಿ ಬ್ರೆಡ್, ಸಕ್ಕರೆ, ಆಲೂಗಡ್ಡೆ, ಬಿಯರ್ ಜೊತೆಗೆ ಹಾಲು, ಬೆಣ್ಣೆಯೂ ಇದ್ದವು.

ಮೈ ಇಳಿಸುವವರ ಪಥ್ಯ ಬೇರೆ, ಸಕ್ಕರೆ ಕಾಯಿಲೆಯ ಮಕ್ಕಳ ಪಥ್ಯ ಬೇರೆ. ಎರಡನೆಯದು ಜೀವದ ಪ್ರಶ್ನೆ. ನಮ್ಮ ಮನೆಯಿಂದ ಒಂದು ಗಂಟೆಯೊಳಗೆ ಹೋಗಬಹುದಾದ ಮಾರಿಸ್‌ಟೌನ್‌ನಲ್ಲಿ ಡಾಕ್ಟರ್ ಫ್ರೆಡರಿಕ್ ಆಲನ್ ನಡೆಸುತ್ತಿದ್ದ ಆಸ್ಪತ್ರೆಯೊಂದಿತ್ತು. ಇನ್ಸುಲಿನ್ ಬರುವ ಮೊದಲು ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಒಂದೆರಡು ವರ್ಷವಾದರೂ ಉಳಿಸುವುದು ಅವನ ಚಿಕಿತ್ಸೆ. ತರಕಾರಿಯನ್ನು ಮೂರು ಸಲ ಬೇರೆ ಬೇರೆ ನೀರಿನಲ್ಲಿ ಬೇಯಿಸಿ, ಅದರೊಳಗಿನ ಪಿಷ್ಟವನ್ನೆಲ್ಲ ಚೆಲ್ಲಿ, ಉಳಿದ ನಾರನ್ನು ಕೊಡುತ್ತಿದ್ದರು. ಅವನ ರೋಗಿಗಳಲ್ಲಿ ಒಬ್ಬಳು ಎಲಿಜಬೆತ್ ಹ್ಯೂಸ್. ಅವಳ ಅಪ್ಪ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಆಗ ಅಮೆರಿಕದ ವಿದೇಶಾಂಗ ಮಂತ್ರಿ. ಬೇಕಾದ್ದೆಲ್ಲ ತರಿಸಬಲ್ಲ ಮನೆ. ಆದರೂ ಆ ಹುಡುಗಿಯ ಹುಟ್ಟುಹಬ್ಬಕ್ಕೆ ಕೇಕಿನ ಬದಲು ಟೋಪಿ ಇಡುವ ರಟ್ಟಿನ ಡಬ್ಬಿಗೆ ಗುಲಾಬಿ, ಬಿಳಿ ಕಾಗದ ಸುತ್ತಿ, ಮೇಲೆ ಮೇಣದ ಬತ್ತಿ ನೆಟ್ಟಿದ್ದರು.

ಆ ರಟ್ಟಿನ ಡಬ್ಬಿಯನ್ನು ನಾನು ಮನಸ್ಸಿನಿಂದ ತೆಗೆಯಲಾರೆ. 1922ರ ಆಗಸ್ಟ್‌ನಲ್ಲಿ ಅವಳನ್ನು ಟೊರೊಂಟೊಗೆ ಕರೆದುಕೊಂಡು ಹೋಗುವಾಗ, ಹದಿನೈದು ತುಂಬುತ್ತಿದ್ದ ಹುಡುಗಿಯ ತೂಕ ಇಪ್ಪತ್ತು ಕಿಲೊ ಆಸುಪಾಸು. ಅಲ್ಲಿ ಇನ್ಸುಲಿನ್ ಸಿಕ್ಕಿತು, ಬದುಕಿದಳು, ಮದುವೆಯಾದಳು, 1981ರವರೆಗೂ ಬಾಳಿದಳು. ಇನ್ಸುಲಿನ್ ಬಂದ ಮೇಲೆ ಪಥ್ಯದ ಅಡುಗೆಗೆ ಬೆಲೆ ಇಳಿಯಿತು. ಬಾದಾಮಿಯ ಬಿಸ್ಕತ್ತನ್ನು ಜನ ಮರೆತರು. 1972ರಲ್ಲಿ ಡಾಕ್ಟರ್ ಆಟ್ಕಿನ್ಸ್ ಪುಸ್ತಕ ಬರೆದಾಗ ಕಡಿಮೆ ಕಾರ್ಬಿನ ಊಟ ಮತ್ತೆ ಹೊಸ ಸಂಗತಿಯಂತೆ ಲೋಕಕ್ಕೆ ಕಂಡಿತು.

ಹಾಲಿಲ್ಲದ ಕೆನೆ ಮಾತ್ರ ಬೇರೆ ಮನೆಗಳಲ್ಲಿ ಬೆಳೆಯುತ್ತಿತ್ತು. ಅದನ್ನು ನನಗೆ ತೋರಿಸಿದವರು ನಮ್ಮ ಎದುರುಮನೆಯ ಹಿರಿಯ ಯೆಹೂದಿ ಹೆಂಗಸು. ನಾವಿರುವ ಹೈಲೆಂಡ್ ಪಾರ್ಕಿನಲ್ಲಿ ಶನಿವಾರ ಗಂಡಸರು, ಮಕ್ಕಳು ಒಳ್ಳೆಯ ಬಟ್ಟೆ ಉಟ್ಟು ನಡೆದೇ ಸಿನಗಾಗ್‌ಗೆ ಹೋಗುತ್ತಾರೆ, ಆ ದಿನ ಅವರು ಕಾರು ಮುಟ್ಟುವುದಿಲ್ಲ. ಮೊದಲ ಸಲ ಎದುರುಮನೆಯವರ ಅಡುಗೆಮನೆಗೆ ಹೋದಾಗ ನನಗೆ ಉಡುಪಿಗೇ ಹೋದ ಹಾಗಾಯಿತು. ಪಾತ್ರೆ ತೊಳೆಯಲು ಎರಡು ಸಿಂಕ್, ಎರಡು ಬಗೆಯ ತಟ್ಟೆ, ಎರಡು ಬಣ್ಣದ ಒರೆಸುವ ಬಟ್ಟೆ. ಒಂದು ಮಾಂಸಕ್ಕೆ, ಇನ್ನೊಂದು ಹಾಲಿಗೆ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂದು ಅವರ ಧರ್ಮಗ್ರಂಥ ತೋರಾದಲ್ಲಿ ಮೂರು ಕಡೆ ಹೇಳಿದೆಯಂತೆ. ಅಲ್ಲಿಂದ ಬೆಳೆದ ಕ್ರಮ ಇದು. ಮಾಂಸ ತಿಂದ ಮೇಲೆ ಅವರ ಮನೆಯಲ್ಲಿ ಆರು ಗಂಟೆ ಹಾಲು ಮುಟ್ಟುವುದಿಲ್ಲ. ಅಂದರೆ ಶುಕ್ರವಾರ ರಾತ್ರಿಯ ಕೋಳಿಯ ಊಟ ಮುಗಿದ ಮೇಲೆ ಬೆಣ್ಣೆ, ಕೆನೆ, ಚೀಸಿನ ಸಿಹಿ ಬಡಿಸುವ ಹಾಗಿಲ್ಲ. ಮಾಂಸವೂ ಅಲ್ಲದ, ಹಾಲೂ ಅಲ್ಲದ ಪದಾರ್ಥಕ್ಕೆ ಅವರಲ್ಲಿ 'ಪಾರೆವ್' ಎಂಬ ಮಾತಿದೆ. ಅಂಗಡಿಯ ಪೊಟ್ಟಣದ ಮೇಲೆ ವೃತ್ತದೊಳಗಿನ 'ಯು' ಅಕ್ಷರದ ಪಕ್ಕ 'ಡಿ' ಇದ್ದರೆ ಹಾಲಿನ ಸಂಬಂಧ ಇದೆ ಎಂದರ್ಥ ಎಂದು ಅವರು ಹೇಳಿಕೊಟ್ಟದ್ದು ಎಷ್ಟೋ ಕ್ಷೀರವ್ರತಗಳಲ್ಲಿ ನನ್ನ ಕೈಹಿಡಿದಿದೆ.

ಅಮೆರಿಕದ ತಿಂಡಿ ಕಾರ್ಖಾನೆಗಳಿಗೆ ಈ ಅಡುಗೆಮನೆಗಳ ಕಷ್ಟ ಬಹಳ ಮೊದಲೇ ಗೊತ್ತಾಗಿತ್ತು. ಹತ್ತಿಬೀಜದ ಎಣ್ಣೆಯನ್ನು ಗಟ್ಟಿ ಮಾಡಿದ ಕ್ರಿಸ್ಕೊ 1911ರಲ್ಲಿ ಬಂದಾಗ ಯೆಹೂದಿ ಗೃಹಿಣಿಯರಿಗೆ ಅದನ್ನು ವಿಶೇಷವಾಗಿ ಮಾರಿದರು. 1933ರಲ್ಲಿ ಅವರಿಗೆಂದೇ ಯಿಡ್ಡಿಷ್, ಇಂಗ್ಲಿಷ್ ಎರಡರಲ್ಲೂ ಪಾಕಪುಸ್ತಕ ಅಚ್ಚಾಯಿತು. 1945ರಲ್ಲಿ ಬಫಲೊ ಊರಿನ ರಾಬರ್ಟ್ ರಿಚ್ ಸೋಯಾದಿಂದ ಕಡೆಯಬಹುದಾದ ಕೆನೆ ಮಾಡಿದ. ಆದರೆ ಚೀಸ್‌ಕೇಕಿಗೆ ಹುಳಿಯೂ ಬೇಕು, ಮೈಕಟ್ಟೂ ಬೇಕು. ಅದು ಕೈಗೆ ಬಂದದ್ದು ತೋಫುವಿನಿಂದ.

ತೋಫುವನ್ನು ಅಮೆರಿಕದವರ ತಟ್ಟೆಗೆ ತರಲು ಚೀನಾದ ವೈದ್ಯೆ ಯಮೇ ಕಿನ್ 1917ರಲ್ಲೇ ಹೆಣಗಿದ್ದರು. ಇಲ್ಲಿನ ಕೃಷಿ ಇಲಾಖೆಯೇ ಅವರನ್ನು ಸೋಯಾ ಅಧ್ಯಯನಕ್ಕೆ ಚೀನಾಕ್ಕೆ ಕಳಿಸಿತ್ತು. ಆಗ ಜನ ಕಿವಿಗೊಡಲಿಲ್ಲ. 1975ರಲ್ಲಿ ವಿಲಿಯಂ ಶರ್ಟ್‌ಲೆಫ್ ಮತ್ತು ಅಕಿಕೊ ಅಯೊಯಾಗಿ 'ದಿ ಬುಕ್ ಆಫ್ ತೋಫು' ಬರೆದ ಮೇಲೆ ಗಾಳಿ ಬದಲಾಯಿತು. ಬ್ರೂಕ್ಲಿನ್‌ನಲ್ಲಿ ಕೋಷರ್, ಅಂದರೆ ಯೆಹೂದಿ ಕ್ರಮದ ಊಟದ ವ್ಯಾಪಾರ ಮಾಡುತ್ತಿದ್ದ ಡೇವಿಡ್ ಮಿಂಟ್ಸ್ ಮಾಂಸದೂಟದ ಮೇಲೆ ಕೆನೆಯಂಥದ್ದನ್ನು ಬಡಿಸಲಾರದ ಕಷ್ಟಕ್ಕೆ ಪರಿಹಾರ ಹುಡುಕುತ್ತಾ ಎಪ್ಪತ್ತರ ದಶಕದಲ್ಲಿ ತೋಫು ಹಿಡಿದ. ವರ್ಷಗಟ್ಟಲೆ ಅರೆದು, ಕಡೆದು, ಚೆಲ್ಲಿ, ಮತ್ತೆ ಅರೆದ. 1981ರಲ್ಲಿ ಟೊಫುಟ್ಟಿ ಕಂಪನಿ ಶುರುವಾಯಿತು. ಮೊದಲು ಐಸ್‌ಕ್ರೀಮಿನಿಂದ ಹೆಸರಾಯಿತು, ಆಮೇಲೆ ಹಾಲಿಲ್ಲದ ಕ್ರೀಮ್ ಚೀಸ್ ಬಂತು. ಆ ಕಂಪನಿ ನೆಲೆಸಿದ ಕ್ರ್ಯಾನ್‌ಫರ್ಡ್ ನಮ್ಮೂರಿಗೆ ಅರ್ಧ ಗಂಟೆಯ ದಾರಿ. ಮಿಂಟ್ಸ್ 2021ರಲ್ಲಿ ತೀರಿಕೊಂಡಾಗ ಎದುರುಮನೆಯವರು, "ನಮ್ಮ ಶುಕ್ರವಾರಗಳಿಗೆ ಸಿಹಿ ತಂದವನು ಹೋದ" ಎಂದು ಕಣ್ಣೊರೆಸಿಕೊಂಡರು.

ಅವರ ಮನೆಯ ತೋಫು ಚೀಸ್‌ಕೇಕನ್ನು ನಾನು ಮೊದಲು ತಿಂದದ್ದು ಒಂದು ಶುಕ್ರವಾರ ರಾತ್ರಿ. ಅವರು ಮಾಂಸದೂಟದ ಮೇಲೆ ಹಾಲು ಮುಟ್ಟದವರು, ನಾನು ಮಾಂಸವನ್ನೇ ಮುಟ್ಟದವಳು, ಅದು ಬೇರೆ ನನ್ನ ಹಾಲಿಲ್ಲದ ತಿಂಗಳು. ಎರಡು ಧರ್ಮದ ಎರಡು ಬೇಡಗಳು ಒಂದೇ ತಟ್ಟೆಯಲ್ಲಿ ಹೊಂದಿಕೊಂಡಿದ್ದವು. ಮೇಲಿನ ಸಕ್ಕರೆಯ ಪಾಕ ಮಾತ್ರ ನನ್ನ ಯಜಮಾನರಿಗೆ ಆಗುವಂಥದ್ದಲ್ಲ. ಉಳಿದದ್ದು ನನ್ನ ಕೆಲಸ ಎಂದು ಅಂದೇ ಅನ್ನಿಸಿತ್ತು.

ಮೂರು ವರ್ಷದಲ್ಲಿ ನಾಲ್ಕು ಸಲ ಮಾಡಿದ್ದೇನೆ. ನನ್ನ ಕ್ರಮ ಹೀಗೆ. ಸಿಪ್ಪೆ ಸುಲಿದ ಬಾದಾಮಿ 250 ಗ್ರಾಂ, ಒಂದು ಲೀಟರ್ ನೀರು ಹಾಕಿ ಮಿಕ್ಸಿಯಲ್ಲಿ ಬೆರಳಿಗೆ ತರಿ ಸಿಗದ ಹಾಗೆ ತಿರುವುವುದು. ಸೋಸುವುದಿಲ್ಲ. ಸಣ್ಣ ಉರಿಯಲ್ಲಿ ಕಾಯಿಸುತ್ತಾ ತಳ ಹಿಡಿಯದಂತೆ ಕೈಯಾಡಿಸಬೇಕು. ಅಂಚಿನಲ್ಲಿ ಗುಳ್ಳೆ ಕಂಡಾಗ ಎರಡು ನಿಂಬೆಹಣ್ಣಿನ ರಸ, ಚಿಟಿಕೆ ಉಪ್ಪು. ಅದು ಹಸುವಿನ ಹಾಲಿನ ಹಾಗೆ ಫಕ್ಕನೆ ಒಡೆಯುವುದಿಲ್ಲ, ನಿಧಾನಕ್ಕೆ ಮೊಸರಿನ ಹಾಗೆ ದಪ್ಪಗಾಗುತ್ತದೆ. ಬಟ್ಟೆಯಲ್ಲಿ ಕಟ್ಟಿ ಸಿಂಕಿನ ನಲ್ಲಿಗೆ ತೂಗುಹಾಕಿ ಎಂಟು ಗಂಟೆ ಬಿಟ್ಟರೆ, ಗಂಟು ಬಿಚ್ಚುವಾಗ ಅಂಗೈಯಲ್ಲಿ ನಿಲ್ಲುವ ಮೃದು ಚೀಸ್. ಇದಕ್ಕೆ ಒಂದು ಡಬ್ಬಿ ದಪ್ಪ ಕಾಯಿಹಾಲು, ನಿಂಬೆಯ ಸಿಪ್ಪೆ ತುರಿದದ್ದು, ವೆನಿಲ್ಲಾ. ಅಡಿಯ ಪದರಕ್ಕೆ 150 ಗ್ರಾಂ ಬಾದಾಮಿ ಹಿಟ್ಟನ್ನು ಬಾಣಲೆಯಲ್ಲಿ ಕೆಂಪಗೆ ಹುರಿದು ಮೂರು ಚಮಚ ಕೊಬ್ಬರಿ ಎಣ್ಣೆಯಲ್ಲಿ ಕಲೆಸಿ, ಬದಿ ಬಿಚ್ಚುವ ಕೇಕ್ ತಟ್ಟೆಗೆ ಒತ್ತುವುದು.

ಸಿಹಿಗೆ ಹಳೆಯ ದಾರಿ ಸ್ಯಾಕರಿನ್, 1879ರಲ್ಲಿ ಬಾಲ್ಟಿಮೋರಿನ ಪ್ರಯೋಗಾಲಯದಲ್ಲಿ ಸಿಕ್ಕಿದ್ದು. ಅದರ ಹಿಂದೆ ಬರುವ ಕಹಿ ನನಗಾಗದು. ಪರಾಗ್ವೆಯ ಗ್ವಾರಾನಿ ಜನ ಎಷ್ಟೋ ಕಾಲದಿಂದ ಬಳಸುತ್ತಿದ್ದ ಸ್ಟೀವಿಯಾ ಎಲೆಯ ಸಾರ ಎರಡು ತೊಟ್ಟು, ಜೊತೆಗೆ ಎರಿಥ್ರಿಟಾಲ್ ಹಾಕುತ್ತೇನೆ. ಎರಿಥ್ರಿಟಾಲ್ ಸಕ್ಕರೆಯ ಮುಕ್ಕಾಲು ಪಾಲಿಗಿಂತ ಕಡಿಮೆ ಸಿಹಿ, ನಾಲಗೆಗೆ ಒಂದು ಬಗೆಯ ತಂಪು. ಹರಳನ್ನು ಹಾಗೆಯೇ ಹಾಕಿ ಮಾಡಿದ ಮೊದಲ ಸಲ ಮರುದಿನ ಫ್ರಿಜ್ಜಿನಿಂದ ತೆಗೆದು ಬಾಯಿಗಿಟ್ಟರೆ ಮರಳು ಕಡಿದ ಹಾಗೆ. ತಂಪಿನಲ್ಲಿ ಅದು ಮತ್ತೆ ಹರಳುಗಟ್ಟಿತ್ತು. ಈಗ ಪುಡಿ ಮಾಡಿ, ಸ್ವಲ್ಪವೇ ಹಾಕುತ್ತೇನೆ. ಹತ್ತು ತುಂಡು ಮಾಡಿದರೆ ತುಂಡಿಗೆ, ನಾರು ಬಿಟ್ಟು, ಸುಮಾರು ಆರು ಗ್ರಾಂ ಕಾರ್ಬ್ ಎಂದು ನನ್ನ ಲೆಕ್ಕ.

ಹಾಲಿಲ್ಲ, ಮೊಟ್ಟೆಯಿಲ್ಲ, ಒವನ್ನಿಲ್ಲ, ನಿಲ್ಲಿಸುವುದು ಯಾವುದು? ಚೈನಾ ಗ್ರಾಸ್, ಅಂದರೆ ಅಗರ್. ಇದರ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಇಲ್ಲಿಯ ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಅಗರ್ ತಟ್ಟೆಗಳ ಮೇಲೆ ಬ್ಯಾಕ್ಟೀರಿಯಾ ಬೆಳೆಸಿದ ಕೈ ಇದು. ಲ್ಯಾಬಿಗೆ ಅಗರ್ ಬಂದದ್ದೇ ಅಡುಗೆಮನೆಯಿಂದ. ನ್ಯೂಯಾರ್ಕಿನಲ್ಲಿ ಹುಟ್ಟಿದ ಫ್ಯಾನಿ ಹೆಸ್ಸೆ ಎಂಬಾಕೆ ಜಾವಾದಲ್ಲಿದ್ದು ಬಂದ ಡಚ್ ನೆರೆಯವರಿಂದ ಅಗರ್ ಹಾಕಿ ಸಿಹಿ ನಿಲ್ಲಿಸುವುದನ್ನು ಕಲಿತಿದ್ದಳು. ಅವಳ ಗಂಡ ವಾಲ್ಟರ್, ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್‌ನ ಬಳಿ ಕೆಲಸ ಮಾಡುತ್ತಿದ್ದಾಗ, ಜೆಲಟಿನ್ ತಟ್ಟೆಗಳು ಬಿಸಿಗೆ ಕರಗುತ್ತಿದ್ದವು. 1881ರಲ್ಲಿ ಫ್ಯಾನಿ ಅಗರ್ ಹಾಕಿ ನೋಡಿ ಎಂದಳು. ಮರುವರ್ಷ ಕಾಕ್ ಕ್ಷಯದ ಬ್ಯಾಕ್ಟೀರಿಯಾದ ಬಗ್ಗೆ ಬರೆದ ಲೇಖನದಲ್ಲಿ ಅಗರ್ ಬಂತು, ಫ್ಯಾನಿಯ ಹೆಸರು ಬರಲಿಲ್ಲ. ಅವಳ ಹೆಸರನ್ನು ನಾನು ಇಲ್ಲಿ ಬೇಕೆಂದೇ ಬರೆಯುತ್ತಿದ್ದೇನೆ.

ಅಗರ್ ಕರಗಲು ಎಂಬತ್ತೈದು ಡಿಗ್ರಿ ದಾಟಬೇಕು, ನಲವತ್ತಕ್ಕೆ ಇಳಿಯುತ್ತಿದ್ದಂತೆ ಗಟ್ಟಿಯಾಗುತ್ತದೆ. ಲ್ಯಾಬಿನಲ್ಲಿ ಇದನ್ನು ಬಲ್ಲ ನಾನೇ ಮನೆಯಲ್ಲಿ ಎರಡನೆಯ ಸಲ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಕಾಯಿಹಾಲಿಗೆ ಕುದಿಯುವ ಅಗರ್ ಹೊಯ್ದೆ. ಬಿದ್ದಲ್ಲೇ ಗಟ್ಟಿಯಾಗಿ ಸಾಬಕ್ಕಿಯಂಥ ಕಾಳು ಕಟ್ಟಿತು. ಈಗ ಚೀಸ್, ಕಾಯಿಹಾಲು ಎರಡನ್ನೂ ಉಗುರುಬೆಚ್ಚಗಿಂತ ಬಿಸಿ ಮಾಡಿಕೊಂಡು, ಒಂದು ಕಪ್ ನೀರಿನಲ್ಲಿ ಐದು ನಿಮಿಷ ಕುದಿಸಿದ ಅಗರನ್ನು ನೂಲಿನಂತೆ ಬಿಡುತ್ತಾ ಮಿಕ್ಸಿ ತಿರುಗಿಸುತ್ತೇನೆ. ದಪ್ಪ ಹಾಲು ಹೊಯ್ಯುವಾಗ ಅಜ್ಜಿ ಒಲೆ ಬಿಟ್ಟು ಕದಲದೆ ನಿಲ್ಲುತ್ತಿದ್ದದ್ದು ಆಗ ನೆನಪಾಗುತ್ತದೆ.

ಈ ಸಲ ಒಂದು ಕಾಳೂ ಇಲ್ಲದೆ ಬಂತು. ತಟ್ಟೆಯ ಬದಿ ಬಿಚ್ಚಿದಾಗ ನುಣುಪು ಗೋಡೆ, ಬೆರಳಿನಿಂದ ಮುಟ್ಟಿದರೆ ಹದವಾಗಿ ನಡುಗುವ ಮೈ. ಮರುದಿನ ಬೆಳಿಗ್ಗೆ ಫೋನಿನ ಪರದೆಯಲ್ಲಿ ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಹಾಲಿಲ್ಲ?"

"ಇಲ್ಲ."

"ಮೊಟ್ಟೆ?"

"ಇಲ್ಲಮ್ಮ."

"ಹಾಗಾದ್ರೆ ದೇವರಿಗೆ ಇಟ್ಟೇ ಕತ್ತರಿಸು. ನವರಾತ್ರಿ ಅಲ್ವಾ. ಸಕ್ಕರೆ ಬದಲು ಎಂತ ಹಾಕಿದ್ದೀ?"

ಎರಿಥ್ರಿಟಾಲ್ ಹೇಗೆ ಮಾಡುತ್ತಾರೆ ಎಂದು ಹೇಳಿದೆ: ಜೋಳದ ಗ್ಲುಕೋಸಿಗೆ ಯೀಸ್ಟ್ ಬಿಟ್ಟು ಹುದುಗು ಬರಿಸಿ, ಅದರಿಂದ ಹರಳು ತೆಗೆಯುವುದು. ಅಮ್ಮ ಯೋಚಿಸಿದರು. ಎಂಬತ್ತಾರು ವರ್ಷದ ಮುಖದಲ್ಲಿ ಲೆಕ್ಕ ನಡೆಯುವುದು ಕಾಣುತ್ತಿತ್ತು.

"ಹುದುಗು ಬರಿಸಿದ್ದು ನೈವೇದ್ಯಕ್ಕೆ ಬೇಡ ಮಗಾ. ದೇವರಿಗೆ ಒಂದು ಚಮಚ ಬೆಲ್ಲ, ಕಾಯಿತುರಿ ಇಡು, ಸಾಕು. ಇದನ್ನು ಮೊದಲು ಅಳಿಯಂದಿರಿಗೆ ಬಡಿಸು."

ಎದುರುಮನೆಯವರು ತಮ್ಮ ಮನೆಯಿಂದ ಕಾಗದದ ತಟ್ಟೆ ತಂದಿದ್ದರು. ನಾನು ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಮೊದಲ ತುಂಡನ್ನು ತೆಗೆದು ಯಜಮಾನರ ಮುಂದಿಟ್ಟೆ. ಅವರು ಅಭ್ಯಾಸಬಲದಿಂದ ತಟ್ಟೆಯನ್ನು ಪಕ್ಕದವರ ಕಡೆ ಸರಿಸಲು ಹೋದರು. ಫೋನಿನೊಳಗಿಂದ ಅಮ್ಮ, "ಅದು ನಿಮ್ಮದೇ, ತಿನ್ನಿ" ಎಂದರು.